ಮನೆವಾರ್ತೆ: ಅಟ್ಟದ ಮೇಲಿನ ಹಂಚು

ನಮ್ಮ ತಾಯಿಯವರು ಲಿಂಗೈಕ್ಯರಾಗಿ ಮೂರು ವರ್ಷಗಳಾಗಿದ್ದವು. ಯುಗಾದಿಗೆಂದು ಅಟ್ಟವನ್ನು ಶುಚಿಗೊಳಿಸುತ್ತಿದ್ದಾಗ ಅವರ ರೊಟ್ಟಿಯ ಹಂಚು ಕೈಗೆ ಸಿಕ್ಕಿತು. ನಲವತ್ತು ವರ್ಷ ಜೋಳದ ರೊಟ್ಟಿ ಬೇಯಿಸಿದ ಆ ಕಪ್ಪು ಹಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಕೈತುಂಬ ಕೆಂಪು ಪುಡಿ. "ಇದಿನ್ನು ಗುಜರಿಗೇ ಸರಿ" ಎಂದಳು ಸೊಸೆ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು. ತಾಯಿಯವರ ನಂತರ ಅದನ್ನು ತೊಳೆದು, ಸರಿಯಾಗಿ ಒರೆಸದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿದವಳು ನಾನೇ. ಎಸೆಯುವ ಮುನ್ನ ಒಮ್ಮೆ ಉಜ್ಜಿ ನೋಡೋಣವೆಂದು ಕುಳಿತೆ. ಆಗ ಕಲಿತದ್ದನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪಿನ ಅಂಶ ಸೇರಿದರೆ ಅದರ ವೇಗ ಹೆಚ್ಚುತ್ತದೆ. ಈ ಕೆಂಪು ಪದರವು ಸಡಿಲವಾಗಿದ್ದು ಉದುರುತ್ತಿರುವುದರಿಂದ ಒಳಗಿನ ಲೋಹವನ್ನು ಅದು ಕಾಯಲಾರದು. ದೆಹಲಿಯ ಕುತುಬ್ ಮಿನಾರಿನ ಆವರಣದಲ್ಲಿರುವ ಸುಮಾರು 7 ಮೀಟರ್ ಎತ್ತರದ ಕಬ್ಬಿಣದ ಸ್ತಂಭವು 1,600 ವರ್ಷಗಳಷ್ಟು ಹಳೆಯದು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಅಧಿಕವಾಗಿದ್ದು, ಅದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಾಪದರವೊಂದು ತಾನಾಗಿ ಏರ್ಪಟ್ಟಿದೆ. ನಮ್ಮ ಹಂಚಿಗೆ ಅಂತಹ ಭಾಗ್ಯವಿಲ್ಲ. ಅದರ ರಕ್ಷಾಪದರವನ್ನು ನಾವೇ ಕಟ್ಟಿಕೊಡಬೇಕು.

ಮೊದಲು ಹಂಚನ್ನು ಪರೀಕ್ಷಿಸಬೇಕು. ಉಜ್ಜಿದಾಗ ಪುಡಿ ಉದುರಿ ಕೆಳಗೆ ಗಟ್ಟಿ ಲೋಹ ಕಂಡರೆ ಅದು ಮೇಲ್ಪದರದ ತುಕ್ಕು, ಚಿಂತೆ ಬೇಡ. ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೆ, ತೂತು ಅಥವಾ ಬಿರುಕು ಕಂಡರೆ, ಅಂತಹ ಹಂಚನ್ನು ಅಡುಗೆಗೆ ಬಳಸದಿರುವುದೇ ಲೇಸು.

ಕೆಲಸವನ್ನು ಹಿತ್ತಲಿನಲ್ಲಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಮಾಡಬೇಕು. ನೀರು ತಾಗಿಸುವ ಮೊದಲು ಒಣದಾಗಿಯೇ ಉಕ್ಕಿನ ನಾರಿನಿಂದಲೋ ಉಪ್ಪುಕಾಗದದಿಂದಲೋ ಉಜ್ಜಿ ಪುಡಿಯನ್ನು ಕೊಡವಬೇಕು. ತೆಂಗಿನ ನಾರು ಮತ್ತು ಇಟ್ಟಿಗೆ ಪುಡಿಯೂ ಆದೀತು. ಆದರೂ ಬಿಡದ ಕಲೆಗಳಿಗೆ ಗಟ್ಟಿ ಹುಣಸೆ ರಸವನ್ನಾಗಲಿ, ಸಮಪಾಲು ನೀರು ಬೆರೆಸಿದ ವಿನೆಗರನ್ನಾಗಲಿ ಸವರಿ ಅರ್ಧ ಗಂಟೆ ಬಿಟ್ಟು ಮತ್ತೆ ಉಜ್ಜಬೇಕು. ರಾತ್ರಿಯೆಲ್ಲ ನೆನೆಸಬಾರದು, ಹುಳಿಯು ತುಕ್ಕನ್ನು ಕರಗಿಸಿದ ಬಳಿಕ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನಂತೂ ಅಡುಗೆಯ ಪಾತ್ರೆಯ ಬಳಿಗೆ ತರಲೇಬಾರದು. ಕೈ ಕೊಯ್ದುಕೊಂಡರೆ ಅಲಕ್ಷ್ಯ ಸಲ್ಲದು. ಧನುರ್ವಾಯುವನ್ನು ಉಂಟುಮಾಡುವುದು ತುಕ್ಕಲ್ಲ, ಮಣ್ಣು ಧೂಳಿನಲ್ಲಿರುವ ರೋಗಾಣು. ಗಾಯವನ್ನು ತೊಳೆದು, ಚುಚ್ಚುಮದ್ದಿನ ವಿಷಯವಾಗಿ ವೈದ್ಯರನ್ನು ಕೇಳಬೇಕು.

ಆಮೇಲೆ ಸಾಬೂನು ನೀರಿನಿಂದ ತೊಳೆದು ಕೂಡಲೇ ಒರೆಸಿ ಸಣ್ಣ ಉರಿಯ ಮೇಲಿಡಬೇಕು. ಇಲ್ಲಿ ತಡಮಾಡಿದರೆ ಬರಿಯ ಕಬ್ಬಿಣದ ಮೇಲೆ ನೋಡನೋಡುತ್ತಿದ್ದಂತೆಯೇ ಮತ್ತೆ ಕೆಂಪು ಮೂಡುತ್ತದೆ. ತೇವವೆಲ್ಲ ಆರಿದ ಮೇಲೆ ಉರಿಯಿಂದಿಳಿಸಿ, ಕೈಗೆ ತಾಳುವಷ್ಟು ಬಿಸಿಯಿರುವಾಗ ನಾಲ್ಕು ಹನಿ ಎಣ್ಣೆಯನ್ನು ಎರಡೂ ಬದಿಗೆ ಸವರಬೇಕು. ಅಗಸೆ ಎಣ್ಣೆ ಅಥವಾ ಕುಸುಬೆ ಎಣ್ಣೆ ಉತ್ತಮ, ಶೇಂಗಾ ಎಣ್ಣೆಯೂ ನಡೆದೀತು. ಸವರಿದ ಎಣ್ಣೆಯನ್ನು ಇನ್ನು ಉಳಿದೇ ಇಲ್ಲವೆಂಬಂತೆ ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬಳಿಕ ಕಿಟಕಿಗಳನ್ನು ತೆರೆದಿಟ್ಟು, ಹೊಗೆ ಎದ್ದು ಅಡಗುವವರೆಗೆ ಹಂಚನ್ನು ಕಾಯಿಸಬೇಕು. ಕಾವಿಗೆ ಎಣ್ಣೆಯ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾದ ಪೊರೆಯಾಗಿ ಲೋಹಕ್ಕೆ ಅಂಟುತ್ತವೆ. ಎಣ್ಣೆ ಹೆಚ್ಚಾದರೆ ಆ ಪೊರೆ ಅಂಟಂಟಾಗಿ ಉಳಿಯುತ್ತದೆ. ಹೀಗೆ ಮೂರು ನಾಲ್ಕು ಬಾರಿ ಮಾಡಿದರೆ ಹಂಚು ಮತ್ತೆ ಕಪ್ಪಾಗುತ್ತದೆ. ಕಾದ ಹಂಚಿನ ಮೇಲೆ ತಣ್ಣೀರು ಸುರಿಯಬಾರದು, ಬೀಡುಕಬ್ಬಿಣದ್ದಾದರೆ ಸೀಳಿಬಿಡಬಹುದು.

ಮುಂದಿನ ಪಾಲನೆ ಸುಲಭ. ಹಂಚನ್ನು ನೀರಿನಲ್ಲಿ ನೆನೆಯಿಡಬಾರದು. ತೊಳೆದರೆ ಒಲೆಯ ಮೇಲಿಟ್ಟೇ ಒಣಗಿಸಬೇಕು, ಎಣ್ಣೆಯ ಬಟ್ಟೆಯಿಂದ ಒಮ್ಮೆ ಸವರಬೇಕು. ಹುಳಿ ಪದಾರ್ಥಗಳನ್ನು ಕಬ್ಬಿಣದ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಬಿಡಬಾರದು. ಎತ್ತಿಡುವುದಾದರೆ ಗಾಳಿಯಾಡದ ಪ್ಲಾಸ್ಟಿಕ್ ಬೇಡ. ಕಾಗದದಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಬೇಕು. ಮಲೆನಾಡು, ಕರಾವಳಿಯ ಬಂಧುಗಳು ಮಳೆಗಾಲದಲ್ಲಿ ಆಗಾಗ ತೆಗೆದು ನೋಡುವುದು ಒಳಿತು. ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ದಿನವೂ ಬಳಸುವುದು.

ರಾತ್ರಿ ಒಲೆ ಆರಿಸುವ ಮುನ್ನ ತಾಯಿಯವರು ಒಂದು ಹಳೆಯ ಬಟ್ಟೆಯ ತುಂಡಿನಿಂದ ಹಂಚನ್ನು ಒರೆಸುತ್ತಿದ್ದರು. ದಣಿದ ದಿನವೂ ಅದನ್ನು ತಪ್ಪಿಸುತ್ತಿರಲಿಲ್ಲ. "ಬೆಳಗಾದರೆ ಮತ್ತೆ ಒಲೆಗೇ ಏರುವುದನ್ನು ಇಷ್ಟೇಕೆ ಒರೆಸುತ್ತೀರಿ?" ಎಂದು ನಾವು ನಗುತ್ತಿದ್ದೆವು. ನಲವತ್ತು ವರ್ಷ ಆ ಹಂಚನ್ನು ಕಾಯ್ದದ್ದು ಆ ಬಟ್ಟೆಯ ತುಂಡೇ ಎಂಬುದು ಎರಡು ದಿನ ಕುಳಿತು ಉಜ್ಜಿದ ಮೇಲೆ ನನಗೆ ತಿಳಿಯಿತು.

ಮೊದಲ ರೊಟ್ಟಿ ಅಂಟಿಕೊಂಡಿತು, ಎರಡನೆಯದು ಹರಿಯಿತು, ಮೂರನೆಯದು ಉಬ್ಬಿ ಬಂತು. ಹಂಚು ಈಗ ಅಟ್ಟದಲ್ಲಿಲ್ಲ, ಒಲೆಯ ಪಕ್ಕದಲ್ಲಿದೆ. ರಾತ್ರಿ ಅದನ್ನು ಒರೆಸಿಡುವವಳು ಸೊಸೆ.