ಕಂಪನಿಯ ವಿಳಾಸ ಮತ್ತು ಒಂಬತ್ತು ಷೇರು

ಟೆಸ್ಲಾ ಕಂಪನಿಯ ಒಂಬತ್ತು ಷೇರು ಹೊಂದಿದ್ದ ಒಬ್ಬ ಹೂಡಿಕೆದಾರ 2018ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಚಾನ್ಸರಿ ನ್ಯಾಯಾಲಯದ ಮೆಟ್ಟಿಲೇರಿದ. ಎಲಾನ್ ಮಸ್ಕ್ ಅವರಿಗೆ ಆಡಳಿತ ಮಂಡಳಿ ಗೊತ್ತುಮಾಡಿದ್ದ ಗರಿಷ್ಠ 5,580 ಕೋಟಿ ಡಾಲರ್ ಸಂಭಾವನೆ ನ್ಯಾಯವಾದುದಲ್ಲ ಎಂಬುದು ಅವನ ದೂರು. 2024ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಒಪ್ಪಿ ಸಂಭಾವನೆಯನ್ನು ರದ್ದುಪಡಿಸಿತು. ಜೂನ್‌ನಲ್ಲಿ ಟೆಸ್ಲಾ ಷೇರುದಾರರ ಅನುಮತಿ ಪಡೆದು ತನ್ನ ನೋಂದಣಿಯನ್ನು ಟೆಕ್ಸಾಸ್‌ಗೆ ವರ್ಗಾಯಿಸಿತು. ಡೆಲವೇರ್ ಸುಪ್ರೀಂ ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಸಂಭಾವನೆಯನ್ನು ಮರಳಿ ಊರ್ಜಿತಗೊಳಿಸಿತು, ನಿಜ. ಆದರೆ ನನ್ನನ್ನು ಕಾಡುತ್ತಿರುವುದು ಮಸ್ಕ್ ಅವರ ಹಣವಲ್ಲ, ಆ ಒಂಬತ್ತು ಷೇರು.

ನಮ್ಮಲ್ಲಿ ಕಂಪನಿ ಕಾನೂನು ಕೇಂದ್ರದ ವಿಷಯ. ನೋಂದಾಯಿತ ಕಚೇರಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋದರೂ ಅನ್ವಯಿಸುವುದು 2013ರ ಕಂಪನಿ ಕಾಯಿದೆಯೇ. ಅಮೆರಿಕದಲ್ಲಿ ಹಾಗಲ್ಲ, ಪ್ರತಿ ರಾಜ್ಯಕ್ಕೂ ಅದರದೇ ಕಂಪನಿ ಕಾನೂನು. ಕಂಪನಿಯ ಕಾರ್ಖಾನೆ, ಕಚೇರಿ, ಗ್ರಾಹಕರು ಎಲ್ಲಿಯೇ ಇರಲಿ, ನಿರ್ದೇಶಕರು ಹಾಗೂ ಷೇರುದಾರರ ನಡುವಿನ ಆಂತರಿಕ ವ್ಯವಹಾರಗಳಿಗೆ ನೋಂದಣಿಯಾದ ರಾಜ್ಯದ ಕಾನೂನೇ ಪ್ರಮಾಣ. ಕಾರ್ಮಿಕ ಕಾನೂನು, ಪರಿಸರ ನಿಯಮಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಈ ತತ್ವದ ಬಲದಿಂದಲೇ ಸುಮಾರು ಹತ್ತು ಲಕ್ಷ ಜನಸಂಖ್ಯೆಯ ಪುಟ್ಟ ಡೆಲವೇರ್, ಫಾರ್ಚ್ಯೂನ್ 500 ಪಟ್ಟಿಯ ಮೂರನೇ ಎರಡರಷ್ಟು ಕಂಪನಿಗಳ ಕಾಗದದ ತವರಾಗಿದೆ.

ಇದನ್ನು ಪ್ರಶ್ನಿಸಿದವರು ಇಲ್ಲದಿಲ್ಲ. ಅರ್ಧಕ್ಕಿಂತ ಹೆಚ್ಚು ವಹಿವಾಟು ಮತ್ತು ಷೇರುದಾರರು ತನ್ನಲ್ಲಿದ್ದರೆ, ಹೊರಗೆ ನೋಂದಣಿಯಾದ ಖಾಸಗಿ ಕಂಪನಿಗೂ ತನ್ನ ಕೆಲವು ನಿಯಮಗಳು ಅನ್ವಯಿಸಬೇಕೆಂದು ಕ್ಯಾಲಿಫೋರ್ನಿಯಾ ಶಾಸನ ಮಾಡಿತು. ವಿಲೀನವೊಂದಕ್ಕೆ ಯಾರು ಪ್ರತ್ಯೇಕವಾಗಿ ಮತ ಹಾಕಬಹುದೆಂಬ ವಿವಾದದಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ತಳ್ಳಿಹಾಕಿತು. ಅದರ ವಾದದಲ್ಲಿ ಹುರುಳಿದೆ ಎಂದು ಒಪ್ಪಲೇಬೇಕು: ಒಂದೇ ಕಂಪನಿಯ ನಿರ್ದೇಶಕನಿಗೆ ಒಂದು ರಾಜ್ಯ ಹೀಗೆ ಮಾಡೆಂದು, ಇನ್ನೊಂದು ಹಾಗೆ ಮಾಡಬೇಡವೆಂದು ಹೇಳಿದರೆ ಆಡಳಿತ ನಡೆಯುವುದು ಹೇಗೆ?

ದೂರದೂರಿನ ತಕರಾರೆಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನ ಬೈಜೂಸ್ 2021ರಲ್ಲಿ 120 ಕೋಟಿ ಡಾಲರ್ ಸಾಲ ಎತ್ತಿದ್ದು ಬೈಜೂಸ್ ಆಲ್ಫಾ ಎಂಬ ಡೆಲವೇರ್ ಅಂಗಸಂಸ್ಥೆಯ ಹೆಸರಿನಲ್ಲಿ. 2023ರಲ್ಲಿ ಸಾಲಗಾರರು ಷರತ್ತು ಮುರಿದಿದ್ದಾರೆಂದು ಸಾಲ ಕೊಟ್ಟವರು ಅಲ್ಲಿಗೆ ತಮ್ಮವರನ್ನೇ ನಿರ್ದೇಶಕರನ್ನಾಗಿ ಕೂರಿಸಿದರು. ನಿಜವಾದ ನಿರ್ದೇಶಕ ಯಾರೆಂಬುದನ್ನು ತೀರ್ಮಾನಿಸಿದ್ದು ಚಾನ್ಸರಿ ನ್ಯಾಯಾಲಯ. 2024ರಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾತೃಸಂಸ್ಥೆಯ ದಿವಾಳಿ ಪ್ರಕರಣ ಮಾತ್ರ ಇಲ್ಲಿನ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ಬಂತು.

ನನ್ನ ಆಕ್ಷೇಪವಿರುವುದು ತತ್ವದ ಬಗ್ಗೆ ಅಲ್ಲ, ಅದು ಯಾರ ಕೈಗೆ ಆಯ್ಕೆಯನ್ನು ಕೊಟ್ಟಿದೆ ಎಂಬುದರ ಬಗ್ಗೆ. ಸ್ಥಳಾಂತರದ ಪ್ರಸ್ತಾವ ಹೊರಡುವುದು ಆಡಳಿತ ಮಂಡಳಿಯಿಂದ. ಅಂದರೆ ಯಾರನ್ನು ಕಾನೂನು ಅಂಕೆಯಲ್ಲಿ ಇಡಬೇಕೋ ಅವರಿಂದಲೇ. ಮತದಾನ ಉಂಟು, ಆದರೆ ದೊಡ್ಡ ಪಾಲುದಾರರ ಮುಂದೆ ಚಿಲ್ಲರೆ ಹೂಡಿಕೆದಾರರ ದನಿ ಎಷ್ಟು? 2025ರ ಮೇ ತಿಂಗಳಲ್ಲಿ ಟೆಕ್ಸಾಸ್, ಕಂಪನಿಯ ಪರವಾಗಿ ನಿರ್ದೇಶಕರ ಮೇಲೆ ದಾವೆ ಹೂಡಲು ಕನಿಷ್ಠ ಶೇ 3ರವರೆಗೆ ಷೇರು ಇರಬೇಕೆಂಬ ನಿಯಮ ಮಾಡಿಕೊಳ್ಳಲು ಕಂಪನಿಗಳಿಗೆ ಅವಕಾಶ ಕೊಟ್ಟಿತು. ಟೆಸ್ಲಾ ಒಡನೆಯೇ ಶೇ 3ರ ಮಿತಿ ಹಾಕಿತು. ಅಷ್ಟು ಷೇರು ಕೊಳ್ಳಲು ಸಾವಿರಾರು ಕೋಟಿ ಡಾಲರ್ ಬೇಕು. ಒಂಬತ್ತು ಷೇರಿನವನಿಗೆ ಆ ಬಾಗಿಲು ಮುಚ್ಚಿದೆ. ಗಿರಾಕಿ ಕೈತಪ್ಪುವ ಭಯಕ್ಕೆ ಬಿದ್ದ ಡೆಲವೇರ್ ಕೂಡ ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ನಿಯಂತ್ರಕ ಷೇರುದಾರರಿಗೆ ಅನುಕೂಲವಾಗುವಂತೆ ತನ್ನ ಕಾಯಿದೆಯನ್ನು ಸಡಿಲಿಸಿತ್ತು. (ನಮ್ಮ ಕಾಯಿದೆಯೂ ದಬ್ಬಾಳಿಕೆಯ ದೂರಿಗೆ ಸಾಮಾನ್ಯವಾಗಿ ನೂರು ಸದಸ್ಯರನ್ನೋ ಹತ್ತನೇ ಒಂದು ಪಾಲನ್ನೋ ಕೇಳುತ್ತದೆ, ಆ ಮಾತು ಬೇರೆ.)

ಪರಿಚಯದ ಎಂಜಿನಿಯರ್ ಒಬ್ಬರು ಈಚೆಗೆ ತಮಗೆ ಸಿಕ್ಕಿದ ಷೇರು ಪತ್ರ ತೋರಿಸಿದರು. ಕೆಲಸ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಷೇರು ಡೆಲವೇರ್ ಕಂಪನಿಯದು. ಬೆಲೆ ಎಷ್ಟಾಗಬಹುದೆಂದು ಅವರು ಲೆಕ್ಕ ಹಾಕಿದ್ದರು. ನಾಳೆ ಕಂಪನಿ ನೆವಾಡಕ್ಕೋ ಟೆಕ್ಸಾಸ್‌ಗೋ ಹೊರಟರೆ ತಮ್ಮ ಹಕ್ಕುಗಳೂ ಜೊತೆಗೆ ಹೊರಡುತ್ತವೆಂದು ಅವರಿಗೆ ಯಾರೂ ಹೇಳಿರಲಿಲ್ಲ.