ಕೊಡಗಿನ ಹುಡುಗನಿಗೆ ಪುಣೆಯೇ ಗತಿಯಾಯಿತಲ್ಲ!



2024ರ ಜನವರಿಯಲ್ಲಿ ನಮ್ಮ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್ ಆಟದಲ್ಲಿ ಜಗತ್ತಿಗೇ ಒಂದನೇ ನಂಬರ್ ಆದಾಗ ನಾವೆಲ್ಲ ಎದೆ ತಟ್ಟಿಕೊಂಡೆವು. ತಪ್ಪಿಲ್ಲ. ಆದರೆ ಈ 'ನಮ್ಮವರು' ಆಟದಲ್ಲಿ ಪಳಗಿದ್ದು ಎಲ್ಲಿ ಎಂದು ಎಷ್ಟು ಜನ ಕೇಳಿದಿರಿ?

ಕೇಳಿ. ಅಪ್ಪ ಕೊಡಗಿನ ಕಾಫಿ ಬೆಳೆಗಾರರು. ಮನೆಮಾತು ಕೊಡವ ತಕ್ಕ್, ಅದೂ ಈ ನೆಲದ ನುಡಿಯೇ. ಹನ್ನೊಂದರ ವಯಸ್ಸಿಗೆ ಹುಡುಗ ರ‍್ಯಾಕೆಟ್ ಹಿಡಿದ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದ, ದಮ್ಮು ಬರಲೆಂದು ಕಾಫಿ ತೋಟದಲ್ಲಿ ಓಡಿದ, ಬಿರುಕು ಬಿಟ್ಟ ಅಂಕಣಗಳಲ್ಲಿ ಆಡಿದ. ಇದನ್ನೆಲ್ಲ 2025ರ ನವೆಂಬರ್‌ನಲ್ಲಿ ನಿವೃತ್ತಿ ಸಾರುವಾಗ ಅವರೇ ನೆನೆದರು. ಸೌದೆ ಒಡೆಯುವುದಕ್ಕೆ ಕೊಡಗು ಸಾಕಾಯಿತು. ತರಬೇತಿಗೆ? ಹದಿನಾಲ್ಕರ ಹುಡುಗ ಮನೆ ಬಿಟ್ಟು ಪುಣೆಗೆ, ನಂದನ್ ಬಾಳ್ ಅವರ ಬಳಿಗೆ ಹೋಗಬೇಕಾಯಿತು!

ಪುಣೆಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಗಡಿ ಜಗಳ ಬೇರೆ, ವಿದ್ಯೆ ಕೊಟ್ಟವರಿಗೆ ಕೈ ಮುಗಿಯುವುದು ಬೇರೆ. ನಮ್ಮ ಸಿಟ್ಟು ನಮ್ಮನ್ನಾಳಿದವರ ಮೇಲೆ.

ಮುಂದಿನ ದಾರಿಯೂ ಹೂವಿನದಲ್ಲ. 2002ರಲ್ಲಿ ಡೇವಿಸ್ ಕಪ್, 2003ರಲ್ಲಿ ವೃತ್ತಿಗೆ. ಸಿಂಗಲ್ಸ್‌ನಲ್ಲಿ 2007ರಲ್ಲಿ ಮುಟ್ಟಿದ 213ನೇ ಸ್ಥಾನವೇ ಕೊನೆ. ಮೊದಲ ಎಟಿಪಿ ಡಬಲ್ಸ್ ಪ್ರಶಸ್ತಿ 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಆಗ ವಯಸ್ಸು 28. ಸಣ್ಣ ಪಂದ್ಯಗಳಲ್ಲಿ ಸಿಗುವ ಹಣ ವಿಮಾನದ ಟಿಕೆಟ್ಟಿಗೂ ಸಾಲದ ಆಟವಿದು. ತೋಟವಿದ್ದ ಮನೆಯ ಮಗನೇ ಇಷ್ಟು ಕಾಯಬೇಕಾದರೆ, ಅದೇ ತೋಟದ ಕೂಲಿಯ ಮಗ ಏನು ಮಾಡಬೇಕು ಸ್ವಾಮಿ?

ಅಚ್ಚುಕೂಟ ನಡೆಸುವವನು ನಾನು. ಕಬಡ್ಡಿ, ವಾಲಿಬಾಲ್, ಕುಸ್ತಿ ಪಂದ್ಯಗಳ ಕರಪತ್ರ ವರ್ಷಕ್ಕೆ ರಾಶಿ ಅಚ್ಚು ಹಾಕುತ್ತೇನೆ, ಎಲ್ಲವೂ ಕನ್ನಡದಲ್ಲೇ. ಟೆನಿಸ್‌ನದು? ಇವತ್ತಿನವರೆಗೆ ಒಂದೂ ಬಂದಿಲ್ಲ. ಕಬ್ಬನ್ ಪಾರ್ಕಿನಲ್ಲಿ ಅಂಕಣಗಳಿವೆ, ಸಂತೋಷ. ಆದರೆ ಕರ್ನಾಟಕ ಕಬ್ಬನ್ ಪಾರ್ಕಿನ ಬೇಲಿಗೆ ಮುಗಿಯುತ್ತದೆಯೇ? ಇಂಗ್ಲಿಷಿನವರ ಆಟ, ಕ್ಲಬ್ಬಿನವರ ಆಟ ಎಂದು ನಾವೂ ದೂರ ಇಟ್ಟೆವು, ಅವರೂ ದೂರ ಇಟ್ಟರು.

ಬೋಪಣ್ಣ ಈಗ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿ ತೆರೆದಿದ್ದಾರೆ. ಅದು ಅವರ ದೊಡ್ಡತನ. ಸರ್ಕಾರದ ಪಾಲೆಲ್ಲಿ? ನಿಮ್ಮ ತಾಲ್ಲೂಕು ಕ್ರೀಡಾಂಗಣಕ್ಕೆ ಹೋಗಿ ನೋಡಿ. ಎರಡು ಸಿಮೆಂಟ್ ಅಂಕಣ, ಕನ್ನಡದಲ್ಲಿ ಹೇಳಿಕೊಡುವ ಒಬ್ಬ ಕೋಚ್ ಇಲ್ಲದಿದ್ದರೆ ಶಾಸಕರ ಮನೆ ಬಾಗಿಲಿಗೆ ಹತ್ತು ಜನ ಮನವಿ ಹಿಡಿದು ಹೋಗಿ. ಮನವಿ ಪತ್ರ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.