ಸೀನಿಯರ್ ಕೊಟ್ಟ ಬ್ಯಾಶ್‌ಆರ್‌ಸಿ

ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ಸರ್ವರ್ ಪ್ರೋಗ್ರಾಂ ನಿಲ್ಲಿಸೋಕೆ ನಾವು ಕಂಟ್ರೋಲ್-ಝಡ್ ಒತ್ತುತ್ತೇವೆ. ಪ್ರಾಂಪ್ಟ್ ವಾಪಸ್ ಬರುತ್ತೆ, ನಿಂತಿತು ಅಂದುಕೊಳ್ಳುತ್ತೇವೆ. ಮತ್ತೆ ರನ್ ಮಾಡಿದರೆ 'ಅಡ್ರೆಸ್ ಆಲ್ರೆಡಿ ಇನ್ ಯೂಸ್'. ಕೋಡಲ್ಲಿ ತಪ್ಪು ಹುಡುಕುತ್ತಾ ಅರ್ಧ ಲ್ಯಾಬ್ ಕಳೆಯುತ್ತೆ. ಕಂಟ್ರೋಲ್-ಝಡ್ ಪ್ರೋಗ್ರಾಮನ್ನು ಮುಗಿಸೋದಿಲ್ಲ, ಮಲಗಿಸುತ್ತೆ ಅಷ್ಟೇ. ಪೋರ್ಟ್ ಅದರ ಕೈಯಲ್ಲೇ ಇರುತ್ತೆ. ಎಫ್‌ಜಿ ಅಂತ ಹೊಡೆದು ಎಬ್ಬಿಸಿ, ಆಮೇಲೆ ಕಂಟ್ರೋಲ್-ಸಿ ಒತ್ತಬೇಕು.

ಇಷ್ಟು ಹೇಳಿಕೊಡುವವರು ಕಡಿಮೆ. ಧಾರಾಳವಾಗಿ ಸಿಗೋದು ಸೀನಿಯರ್‌ಗಳ ಬ್ಯಾಶ್‌ಆರ್‌ಸಿ ಫೈಲ್. ಲ್ಯಾಬ್ ರೆಕಾರ್ಡಿನ ಹಾಗೆ ಬ್ಯಾಚಿಂದ ಬ್ಯಾಚಿಗೆ ದಾಟಿ ಬರುತ್ತೆ. ಅದರಲ್ಲಿರೋ ನಲವತ್ತು ಏಲಿಯಾಸ್‌ಗಳಲ್ಲಿ ನಾವು ಓದಿ ನೋಡಿರೋದು ನಾಲ್ಕಿದ್ದರೆ ಹೆಚ್ಚು. ನಮ್ಮ ತಕರಾರು ಇದರ ಮೇಲೆ.

ನಮಗೆ ಸಿಕ್ಕ ಫೈಲಿನಲ್ಲಿ ಆರ್‌ಎಂ ಅಂತ ಹೊಡೆದರೆ 'ಆರ್‌ಎಂ ಮೈನಸ್ ಐ' ಓಡುವ ಹಾಗೆ ಒಂದು ಸಾಲಿತ್ತು. ಅಂದರೆ ಪ್ರತಿ ಫೈಲ್ ಅಳಿಸುವ ಮುಂಚೆ ಒಪ್ಪಿಗೆ ಕೇಳುತ್ತೆ. ಒಳ್ಳೇದೇ. ಆದರೆ ಒಂದು ಸೆಮಿಸ್ಟರ್ ಕಳೆಯೋಷ್ಟರಲ್ಲಿ ಕೈಗೆ ಚಟ ಹತ್ತುತ್ತೆ: ಆರ್‌ಎಂ ಸ್ಟಾರ್ ಹೊಡಿ, ಕೇಳಿದಾಗ ನೋಡಿಕೊಂಡರಾಯ್ತು. ನಮ್ಮಲ್ಲೊಬ್ಬ ಲ್ಯಾಬ್ ಮಷಿನ್‌ನಲ್ಲೂ ಹಾಗೇ ಹೊಡೆದ. ಅಲ್ಲಿ ಆ ಸಾಲು ಇರಲಿಲ್ಲ. ಮಿನಿ ಪ್ರಾಜೆಕ್ಟಿನ ಫೋಲ್ಡರ್ ಖಾಲಿ. ಆರ್‌ಎಂ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗೋದಿಲ್ಲ. ಮೂರು ಜನ ಎರಡು ರಾತ್ರಿ ಕೂತು ಮತ್ತೆ ಬರೆದೆವು. (ಗಿಟ್ ಹಾಕಿರಲಿಲ್ಲ, ಬೈಯಬೇಡಿ.)

ಹಾಗಾಗಿ ಏಲಿಯಾಸ್, ಮ್ಯಾಕ್ರೋಗಳಿಗಿಂತ ಮೊದಲು ಕಲಿಯಬೇಕಾದದ್ದು ಯಾವ ಮಷಿನ್ ಮುಂದೆ ಕೂತರೂ ಜೊತೆಗೆ ಬರುವ ಕೀಗಳನ್ನು. ಕಂಟ್ರೋಲ್-ಎ ಸಾಲಿನ ಮೊದಲಿಗೆ ಒಯ್ಯುತ್ತೆ, ಕಂಟ್ರೋಲ್-ಇ ಕೊನೆಗೆ. ಕಂಟ್ರೋಲ್-ಯು ಕರ್ಸರ್ ಹಿಂದಿರೋದನ್ನೆಲ್ಲ ಕತ್ತರಿಸುತ್ತೆ, ಕಂಟ್ರೋಲ್-ವೈ ವಾಪಸ್ ಅಂಟಿಸುತ್ತೆ. ಕಂಟ್ರೋಲ್-ಆರ್ ಒತ್ತಿ ನಾಲ್ಕಕ್ಷರ ಹೊಡೆದರೆ ಹಳೇ ಕಮ್ಯಾಂಡ್ ಎದ್ದು ಬರುತ್ತೆ; ಅಪ್ ಆರೋ ಮೂವತ್ತು ಸಲ ಕುಟ್ಟೋದು ತಪ್ಪುತ್ತೆ. ಬ್ಯಾಶ್‌ಗೆ ಇವು ಬಂದಿರೋದು ರೀಡ್‌ಲೈನ್ ಲೈಬ್ರರಿಯಿಂದ. ಅದನ್ನೇ ಬಳಸುವ ಜಿಡಿಬಿಯಲ್ಲೂ ಇವೇ ಕೀಗಳು.

ಮ್ಯಾಕ್ರೋ ಬೇಡ ಅನ್ನುತ್ತಿಲ್ಲ. ಒಂದೇ ಸಾಲನ್ನು ಕೈಯಾರೆ ಹೊಡೆದು ಹೊಡೆದು ಬೇಸತ್ತ ಮೇಲೆ ನೀವೇ ಬರೆಯಿರಿ. ಹೆಸರು ಮಾತ್ರ ಹೊಸದಿರಲಿ, ಇರೋ ಕಮ್ಯಾಂಡಿನ ಅರ್ಥ ಬದಲಿಸಬೇಡಿ. ಕೇಳಿ ಅಳಿಸೋ ಕಮ್ಯಾಂಡಿಗೆ ನಾವೀಗ ಇಟ್ಟಿರೋ ಹೆಸರು 'ಅಳಿಸು', ಇಂಗ್ಲಿಷ್ ಅಕ್ಷರದಲ್ಲಿ. ಲ್ಯಾಬ್ ಮಷಿನ್‌ನಲ್ಲಿ ಮರೆತು ಅದನ್ನು ಹೊಡೆದರೆ 'ಕಮ್ಯಾಂಡ್ ನಾಟ್ ಫೌಂಡ್' ಅನ್ನುತ್ತೆ. ಫೈಲ್ ಇದ್ದಲ್ಲೇ ಇರುತ್ತೆ.